ರುಜು ಕಲಿತರೆ ಮುಗಿಯಿತೇ?

ವಯಸ್ಕರ ಶಿಕ್ಷಣದ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ವಿದ್ಯಾವಂತರ ಬಾಯಿಂದ ಒಂದು ಮಾತು ತಪ್ಪದೆ ಹೊರಡುತ್ತದೆ: "ರುಜು ಹಾಕಲು ಬಂದರೆ, ಬಸ್ಸಿನ ಫಲಕ ಓದಲು ಬಂದರೆ ಸಾಕು. ಕಥೆ ಕವಿತೆ ಬರೆಯುವ ಗೊಡವೆ ಅವರಿಗೇಕೆ?" ಮೇಲ್ನೋಟಕ್ಕೆ ಇದು ವಿವೇಕದ ಮಾತಿನಂತೆ ತೋರುವುದು. ವಿಚಾರಿಸಿ ನೋಡಿದರೆ ಇದರಲ್ಲಿ ವಿವೇಕಕ್ಕಿಂತ ಅಹಂಕಾರವೇ ಹೆಚ್ಚೆಂದು ನನ್ನ ದೃಢವಾದ ಅಭಿಪ್ರಾಯ.

ರುಜುವಿನ ಪ್ರಯೋಜನವನ್ನು ನಾನು ಅಲ್ಲಗಳೆಯುವವನಲ್ಲ. ಹೆಬ್ಬೆಟ್ಟೊತ್ತಿ ಹೊಲ ಕಳೆದುಕೊಂಡವರ ಕಥೆ ನಮ್ಮ ಯಾವ ಊರಿನಲ್ಲಿಲ್ಲ? ಆದರೆ ರುಜುವೆಂಬುದು ಪರರು ಬರೆದ ಕಾಗದಕ್ಕೆ ಒಪ್ಪಿಗೆ ಕೊಡುವ ವಿದ್ಯೆ. ಕಾಗದವನ್ನೇ ಬರೆಯುವ ವಿದ್ಯೆ ಬೇರೆ. 2011ರ ಜನಗಣತಿಯು ಕರ್ನಾಟಕದಲ್ಲಿ ಏಳು ವರ್ಷ ತುಂಬಿದವರಲ್ಲಿ ನೂರಕ್ಕೆ 75.36 ಮಂದಿಯನ್ನೂ, ಹೆಂಗಸರಲ್ಲಿ 68.08 ಮಂದಿಯನ್ನೂ ಸಾಕ್ಷರರೆಂದು ಎಣಿಸಿತು. ಯಾವುದಾದರೊಂದು ಭಾಷೆಯಲ್ಲಿ ಅರ್ಥವರಿತು ಓದಿ ಬರೆಯಬಲ್ಲವರು ಸಾಕ್ಷರರೆಂಬುದು ಅದರ ಲಕ್ಷಣ. ಹಾಗೆ ಬರೆಯಬಲ್ಲವರು ಏನನ್ನು ಬರೆದರೆಂದು ಕೇಳುವುದು ಗಣತಿಯ ಕೆಲಸವಲ್ಲ, ನಿಜ. ಅದು ಸಾಹಿತ್ಯ ಸಂಘಗಳ ಕೆಲಸ. ನಾವೂ ಕೇಳದಿದ್ದರೆ ಕೇಳುವವರಾರು?

"ವ್ಯಾಕರಣವೇ ಬಾರದವರಿಗೆ ರಚನೆಯೆಲ್ಲಿಂದ ಬರಬೇಕು?" ಎನ್ನುವವರುಂಟು. 1931ರಲ್ಲಿ ಹಲಸಂಗಿಯ ಗೆಳೆಯರು "ಗರತಿಯ ಹಾಡು" ಎಂಬ ಸಂಗ್ರಹವನ್ನು ಹೊರತಂದಾಗ ನಾಡಿನ ಪಂಡಿತರೆಲ್ಲ ತಲೆದೂಗಿದರು. ಆ ಹಾಡುಗಳನ್ನು ಕಟ್ಟಿದವರು ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರು. ಕಾಗದಕ್ಕಿಳಿಸಿದವರು ಓದುಬಲ್ಲ ಗೆಳೆಯರು. ಕಟ್ಟುವ ಶಕ್ತಿ ಒಬ್ಬರಲ್ಲಿ, ಲೇಖನಿ ಇನ್ನೊಬ್ಬರಲ್ಲಿ! ಸಂಗ್ರಾಹಕರ ಉಪಕಾರ ದೊಡ್ಡದು. ಆದರೆ ಹಾಡಿದಾಕೆಯ ಮೊಮ್ಮಗಳಿಗೂ ನಾವು ಲೇಖನಿಯನ್ನು ರುಜುವಿಗೆಂದು ಮಾತ್ರವೇ ಕೊಡುವುದು ನ್ಯಾಯವೇ?

ಬಂಗಾಳದ ರಾಸಸುಂದರೀ ದೇವಿಯ ಚರಿತ್ರೆಯನ್ನು ವಾಚಕರು ನೆನೆಯಬೇಕು. ಹೆಣ್ಣು ಓದುವುದೇ ಅಪರಾಧವೆನಿಸಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿ, ಆಕೆ ಹೊತ್ತಗೆಯ ಒಂದು ಹಾಳೆಯನ್ನು ಅಡಿಗೆಮನೆಯಲ್ಲಿ ಬಚ್ಚಿಟ್ಟುಕೊಂಡು ಓದು ಕಲಿತಳು. ಬರಹ ಆಮೇಲೂ ಬಹುಕಾಲ ಬರಲಿಲ್ಲ. "ಅಮ್ಮಾ, ನನ್ನ ಕಾಗದಗಳಿಗೆ ನೀನೇಕೆ ಉತ್ತರ ಬರೆಯುವುದಿಲ್ಲ?" ಎಂದು ದೂರದಲ್ಲಿ ಓದುತ್ತಿದ್ದ ಮಗ ಕೇಳಿಕೊಂಡ ಮೇಲೆ ಆಕೆ ಬರೆಯಲು ತೊಡಗಿದಳು. ಆ ಕೈಯೇ ಮುಂದೆ "ಆಮಾರ್ ಜೀಬನ್" ಎಂಬ ಆತ್ಮಚರಿತ್ರೆಯನ್ನು ಬರೆಯಿತು. ಬಂಗಾಳಿಯಲ್ಲಿ ಅಂತಹ ಗ್ರಂಥಗಳಲ್ಲಿ ಅದೇ ಮೊದಲನೆಯದೆಂದು ಎಣಿಸುತ್ತಾರೆ. ತಿದ್ದಿದ ಅಕ್ಷರಗಳಿಂದ ಆಕೆ ಲೇಖಕಿಯಾಗಲಿಲ್ಲ. ಉತ್ತರಕ್ಕಾಗಿ ಕಾದಿರುವವರೊಬ್ಬರಿದ್ದುದರಿಂದ ಆದಳು.

ನಮ್ಮ ತರಗತಿಗಳಲ್ಲಿ ನಡೆಯುವುದೇನು? ಐವತ್ತು ಮಳೆಗಾಲ ಕಂಡು, ಬಿತ್ತಿ ಬೆಳೆದು, ಮಕ್ಕಳನ್ನು ಹೆತ್ತು ಹೂಳಿದ ತಾಯಿಯ ಕೈಯಲ್ಲಿ "ಅರಸ, ಆನೆ, ಇಲಿ" ಎಂದು ತಿದ್ದಿಸುತ್ತೇವೆ. ಆಕೆ "ಹಾಲು" ಎನ್ನುವಲ್ಲಿ ತನ್ನ ಊರಿನಂತೆ "ಆಲು" ಎಂದು ಬರೆದರೆ ಕೆಂಪು ಮಸಿ ಹರಿಸುತ್ತೇವೆ. ತಿಂಗಳೆರಡಾಗುವಷ್ಟರಲ್ಲಿ ಆಕೆ ಬರುವುದನ್ನು ಬಿಡುತ್ತಾಳೆ. ಬಳಕೆಯಿಲ್ಲದ ಅಕ್ಷರ ಮರೆತೂಹೋಗುತ್ತದೆ. ಆಗ "ಅವರಿಗೆ ಆಸಕ್ತಿಯಿಲ್ಲ" ಎಂದು ವರದಿ ಬರೆಯುವವರೂ ನಾವೇ.

ದಾರಿ ಕಠಿಣವಲ್ಲ. ಮೊದಲು ಕಲಿಯುವವಳು ಹೇಳಲಿ, ಕಲಿಸುವವನು ಆಕೆಯ ಮಾತಿನಲ್ಲಿಯೇ ಬರೆದುಕೊಳ್ಳಲಿ. ಮಳೆ ತಪ್ಪಿದ ವರ್ಷ, ತವರಿನ ದಾರಿ, ಮಾರಿಬಿಟ್ಟ ಎತ್ತು, ಯಾವುದಾದರೂ ಸರಿ. ಮರುದಿನ ಅದೇ ಆಕೆಯ ಪಾಠವಾಗಲಿ. ತನ್ನ ಮಾತನ್ನೇ ಓದುವಾಗ ಅರ್ಥ ಮೊದಲೇ ತಿಳಿದಿರುವುದರಿಂದ ಅಕ್ಷರ ಬೇಗ ಹತ್ತುವುದು. ಆಮೇಲೆ ಮುಂದಿನ ಸಾಲನ್ನು ಆಕೆಯೇ ಬರೆಯಲಿ. ಕಾಗುಣಿತದ ತಿದ್ದುಪಡಿ ಕಡೆಗಿರಲಿ. ಎಲ್ಲರೂ ಕವಿಗಳಾಗುವರೇ ಎಂದರೆ, ಇಲ್ಲ. ಶಾಲೆಯಲ್ಲಿ ಪ್ರಬಂಧ ಬರೆಯುವ ನಮ್ಮ ಮಕ್ಕಳೂ ಎಲ್ಲರೂ ಕವಿಗಳಾಗುವುದಿಲ್ಲ. ಅದಕ್ಕಾಗಿ ನಾವು ಪ್ರಬಂಧವನ್ನು ನಿಲ್ಲಿಸಿದ್ದೇವೆಯೇ?

1940ರ ದಶಕದಲ್ಲಿ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯ ಹಿರಿಯರು ಹೊಸದಾಗಿ ಓದು ಕಲಿತವರಿಗಾಗಿ "ಬೆಳಕು" ಎಂಬ ವಾರಪತ್ರಿಕೆಯನ್ನು ಹೊರಡಿಸಿದರು. ಕಲಿತವರಿಗೆ ಓದಲು ಏನಾದರೂ ಬೇಕೆಂದು ಅವರು ಅರಿತಿದ್ದರು. ಬರೆದುದನ್ನು ಓದುವವರೂ ಬೇಕೆಂಬುದನ್ನು ನಾವು ಅರಿಯಬೇಕಾಗಿದೆ. ಈ ಪತ್ರಿಕೆಯ ಎರಡು ಪುಟಗಳನ್ನು ಪ್ರತಿ ತಿಂಗಳೂ ಅವರಿಗೆ ಬಿಟ್ಟುಕೊಡಬೇಕೆಂದು ಸಂಪಾದಕರನ್ನು ಬೇಡುತ್ತೇನೆ. ಪುಟವಿಲ್ಲವೆಂದಾದರೆ, ಮೊದಲು ಈ ಲೇಖನವನ್ನೇ ತೆಗೆದು ಅವರಿಗೆ ಎಡೆಮಾಡಲಿ.