ಕೊಲ್ಲದ ಗಾಳವೂ ಹಿಂಸೆಯೇ

ಹಿಡಿದ ಮೀನನ್ನು ಕೊಲ್ಲದೆ ಮರಳಿ ನೀರಿಗೆ ಬಿಟ್ಟರೆ ಹಿಂಸೆ ಎಲ್ಲಿಯದು? ಅಮೆರಿಕದಲ್ಲಿ ಬಾಸ್ ಎಂಬ ಸಿಹಿನೀರಿನ ಮೀನನ್ನು ವಿನೋದಕ್ಕಾಗಿ ಹಿಡಿಯುವವರ ಪ್ರಶ್ನೆಯಿದು. ಬಾಸ್ ಸ್ಪರ್ಧೆಗಳನ್ನು ಬೆಳೆಸಿದ ರೇ ಸ್ಕಾಟ್ 1972ರಲ್ಲಿ, ಹಿಡಿದ ಮೀನನ್ನು ಕೊಲ್ಲಬಾರದೆಂಬ ಪ್ರಚಾರ ಆರಂಭಿಸಿದರು. ಅಂದಿನಿಂದ ಈ ಕ್ರೀಡೆಗೆ ಕರುಣೆಯ ಹೊದಿಕೆ ದೊರೆತಿದೆ. ಅಲ್ಲಿ ನೆಲೆಸಿದ ಶ್ರಾವಕರ ಮಕ್ಕಳ ಕಿವಿಗೂ ಈ ವಾದ ಬೀಳದಿರದು. ಅದಕ್ಕೆ ಉತ್ತರ ಹಿರಿಯರಲ್ಲಿ ಸಿದ್ಧವಿರಬೇಕು.

ಮೊದಲು ಉಪಕರಣವನ್ನೇ ಪರೀಕ್ಷಿಸಬೇಕು. ಕೆರೊಲೈನಾ ರಿಗ್ ಎಂಬ ವಿಧಾನದಲ್ಲಿ ದಾರಕ್ಕೆ ಸುಮಾರು 14ರಿಂದ 28 ಗ್ರಾಂ ತೂಕದ ಗುಂಡು, ಅದರ ಕೆಳಗೊಂದು ಮಣಿ, ಮುಂದೆ ಎರಡು ಮೂರು ಅಡಿ ದಾರದ ತುದಿಯಲ್ಲಿ ಕೊಕ್ಕೆ, ಅದಕ್ಕೊಂದು ಪ್ಲಾಸ್ಟಿಕ್ ಹುಳು. ಸರೋವರದ ತಳದಲ್ಲಿ ಎಳೆದಾಗ ಗುಂಡು ಕೆಸರೆಬ್ಬಿಸುತ್ತದೆ, ಮಣಿಗೆ ತಾಕಿ ಸದ್ದು ಮಾಡುತ್ತದೆ. ಆಹಾರವೆಂದು ನಂಬಿ ಬಂದ ಜೀವಿಯ ಬಾಯಿಗೆ ಕೊಕ್ಕೆ ನಾಟುತ್ತದೆ. ಇದರಲ್ಲಿ ಆಕಸ್ಮಿಕವಾದುದು ಏನೂ ಇಲ್ಲ. ಅಡಿಗೆ, ವ್ಯವಸಾಯ, ಆತ್ಮರಕ್ಷಣೆಗಳಲ್ಲಿ ಗೃಹಸ್ಥನಿಗೆ ಅನಿವಾರ್ಯವಾದ ಹಿಂಸೆಯಿದಲ್ಲ. ಇದು ಶುದ್ಧ ಸಂಕಲ್ಪೀ ಹಿಂಸೆ.

ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಹೊಡೆತ, ಕೊಲೆಯಲ್ಲ. ಐದೂ ಜೀವಿ ಬದುಕಿರುವಾಗಲೇ ನಡೆಯುವಂಥವು. ಪ್ರಾಣ ಉಳಿಯಿತೆಂಬ ಮಾತ್ರಕ್ಕೆ ದೋಷ ಉಳಿಯದೆಂಬ ವಾದವನ್ನು ಆಚಾರ್ಯರು ಎಂದೋ ಮುಚ್ಚಿದ್ದಾರೆ. ಆಳದಿಂದ ಬೇಗನೆ ಮೇಲೆಳೆದ ಮೀನಿನ ಗಾಳಿಚೀಲ ಉಬ್ಬಿ, ಅದು ಮತ್ತೆ ಮುಳುಗಲಾರದೆ ತೇಲುವುದುಂಟು; ಆಗ ಸೂಜಿಯಿಂದ ಚುಚ್ಚಿ ಗಾಳಿ ತೆಗೆಯುವವರೂ ಇದ್ದಾರೆ. ವಸಂತದಲ್ಲಿ ಗೂಡು ಕಾಯುವ ಗಂಡು ಬಾಸನ್ನು ಕ್ಷಣಕಾಲ ಎತ್ತಿದರೂ ಬೇರೆ ಮೀನುಗಳು ಅದರ ಮೊಟ್ಟೆಗಳನ್ನು ತಿಂದುಹಾಕುತ್ತವೆ.

ಹಾನಿ ಮೀನಿಗಷ್ಟೇ ಅಲ್ಲ. ಕಲ್ಲಿಗೆ ಸಿಕ್ಕಿ ದಾರ ಹರಿದಾಗ ಸೀಸದ ಗುಂಡು ತಳದಲ್ಲೇ ಉಳಿಯುತ್ತದೆ. ಆಹಾರ ಅರೆಯಲು ಹರಳು ನುಂಗುವ ಲೂನ್ ಎಂಬ ನೀರುಹಕ್ಕಿ ಅದನ್ನೂ ನುಂಗಿ ವಿಷವೇರಿ ಸಾಯುತ್ತದೆ. ಹಂಸಗಳ ಸಾವಿನ ಕಾರಣದಿಂದ ಬ್ರಿಟನ್ 1987ರಲ್ಲಿ, ಲೂನ್‌ಗಳಿಗಾಗಿ ನ್ಯೂ ಹ್ಯಾಂಪ್‌ಶೈರ್ ರಾಜ್ಯ 2000ದಲ್ಲಿ ಸಣ್ಣ ಸೀಸದ ಗುಂಡುಗಳನ್ನು ನಿರ್ಬಂಧಿಸಿದವು. ಟಂಗ್‌ಸ್ಟನ್ ಗುಂಡು ಬಳಸಿದರೆ ಹಕ್ಕಿ ಉಳಿದೀತು. ಮೀನಿನ ಬಾಯಿಗೆ ಕೊಕ್ಕೆ ಅದೇ.

ಮೃಗಸೇನನೆಂಬ ಬೆಸ್ತನೂ ಮೀನನ್ನು ಬಿಟ್ಟನಲ್ಲ ಎಂದು ಯಾರಾದರೂ ಕೇಳಬಹುದು. ಸೋಮದೇವಸೂರಿಯ ಯಶಸ್ತಿಲಕದಲ್ಲಿ ಬರುವ ಆತ, ಬಲೆಗೆ ಮೊದಲು ಬಿದ್ದುದನ್ನು ಕೊಲ್ಲೆನೆಂದು ಮುನಿಯೆದುರು ವ್ರತ ತೊಟ್ಟವನು. ಅದೇ ಮೀನು ಮತ್ತೆ ಮತ್ತೆ ಬಿದ್ದಾಗಲೂ ಬಿಟ್ಟು ಬರಿಗೈಯಲ್ಲಿ ಮನೆಗೆ ಮರಳಿದವನು. ಆತ ಹೊಟ್ಟೆಪಾಡಿಗೆ ಹಿಡಿದು, ವ್ರತಕ್ಕಾಗಿ ಬಿಟ್ಟ. ವಿನೋದಿಯಾದರೋ ಮತ್ತೆ ಹಿಡಿಯಲೆಂದೇ ಬಿಡುತ್ತಾನೆ. ಒಬ್ಬನದು ಹಿಂಸೆಯಿಂದ ಹೊರಬರುವ ಮೊದಲ ಮೆಟ್ಟಿಲು. ಇನ್ನೊಬ್ಬನದು ಹಿಂಸೆಯನ್ನು ಅಕ್ಷಯವಾಗಿಸುವ ಉಪಾಯ.

ಗಾಳ ಹಾಕಲು ಕಲಿಸುವುದು ಪಾಪೋಪದೇಶ, ಮಗುವಿನ ಹುಟ್ಟುಹಬ್ಬಕ್ಕೆ ಗಾಳದ ಕೋಲು ಕೊಡುವುದು ಹಿಂಸಾದಾನ, ಎರಡೂ ಅನರ್ಥದಂಡಗಳೇ. ಸರೋವರದ ದಡದಲ್ಲಿ ಮಕ್ಕಳ ಶಿಬಿರ ನಡೆಸುವ ಬಸದಿಯ ಟ್ರಸ್ಟುಗಳು ಈ ಕ್ರೀಡೆಗೆ ಎಡೆಯಿಲ್ಲವೆಂದು ನಿಯಮದಲ್ಲೇ ಬರೆಯಲಿ. ಮೀನನ್ನು ನೋಡುವ ಆನಂದಕ್ಕೆ ತಿಳಿನೀರು ಸಾಕು, ಕೊಕ್ಕೆ ಬೇಕಿಲ್ಲ.