ಬುಲ್ಲಿ ಎಂದರೆ ಯಾರು?

ಮಕ್ಕಳ ಇಂಗ್ಲಿಷ್ ಪಾಠಗಳಲ್ಲಿ ಈಗ ಆಗಾಗ ಕಾಣಿಸುವ ಮಾತು ‘ಬುಲ್ಲಿ’. ತನಗಿಂತ ಬಲವಿಲ್ಲದವರನ್ನು ಮತ್ತೆ ಮತ್ತೆ ಹೆದರಿಸಿ, ಹಂಗಿಸಿ, ಅಳಿಸುವವರು ಎಂದರ್ಥ. ಕನ್ನಡದಲ್ಲಿ ಏನನ್ನೋಣ? ದಬಾಯಿಸುವುದು ಎಂದರೆ ಜೋರು ದನಿಯಷ್ಟೇ ಬಂತು. ಪೀಡಿಸುವುದು ತೀರಾ ಪುಸ್ತಕದ ಮಾತು. ನನ್ನ ಕೇಳಿದರೆ ‘ಗೋಳು ಹೊಯ್ದುಕೊಳ್ಳೋದು’ ಅನ್ನೋದೇ ಸರಿ. ‘ಪಾಪ, ಆ ಮಗೂನ ಯಾಕ್ರೋ ಗೋಳು ಹೊಯ್ಕೋತೀರಿ’ ಅಂತ ಅಜ್ಜಿಯರು ಗದರುತ್ತಿರಲಿಲ್ಲವೇ?

ಈ ಇಂಗ್ಲಿಷ್ ಪದದ ಹುಟ್ಟು ಮಾತ್ರ ತಮಾಷೆಯಾಗಿದೆ. 16ನೆಯ ಶತಮಾನದಲ್ಲಿ ಅದು ಮುದ್ದಿನ ಮಾತು! ನಾವು ಚಿನ್ನ, ರನ್ನ ಅಂತೀವಲ್ಲ, ಹಾಗೆ. ಹೆಣ್ಣಿಗೂ ಸಲ್ಲುತ್ತಿತ್ತು, ಗಂಡಿಗೂ ಸಲ್ಲುತ್ತಿತ್ತು. ಡಚ್ ಭಾಷೆಯಿಂದ ಬಂದಿರಬೇಕೆಂದು ಬಲ್ಲವರ ಊಹೆ. ಷೇಕ್ಸ್‌ಪಿಯರನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಬಾಟಮ್ ಎಂಬ ನೇಕಾರನನ್ನು ಜೊತೆಯವರು ಅಕ್ಕರೆಯಿಂದ ಹೀಗೇ ಕರೆಯುತ್ತಾರೆ. ಬರಬರುತ್ತಾ ಅದು ‘ಭಲೇ ಗೆಳೆಯ’ ಎಂದಾಯಿತು, ಆಮೇಲೆ ಜಂಬಗಾರ, 17ನೆಯ ಶತಮಾನ ಮುಗಿಯುವ ಹೊತ್ತಿಗೆ ಬಡಪಾಯಿಗಳ ಮೇಲೆ ಜೋರು ಮಾಡುವ ಪುಂಡ.

ಹೀಗೆ ಮುದ್ದು ಹೋಗಿ ಕಾಟ ಉಳಿಯುವುದು ನಮ್ಮ ಮನೆಗಳಲ್ಲೂ ಉಂಟು. ಕರಿಯ, ಕುಳ್ಳಿ, ಡುಮ್ಮಿ ಎಂಬ ಹೆಸರುಗಳು ತೊಟ್ಟಿಲ ಕಾಲಕ್ಕೆ ಮುದ್ದಾಗಿಯೇ ಹುಟ್ಟುತ್ತವೆ. ಹತ್ತು ವರ್ಷದ ಹುಡುಗಿಯನ್ನು ನೆಂಟರೆದುರು ‘ಡುಮ್ಮಿ’ ಎಂದಾಗ ಎಲ್ಲರೂ ನಗುತ್ತಾರೆ. ಅವಳೂ ನಗುತ್ತಾಳೆ. ಆಮೇಲೆ ತಟ್ಟೆಯಲ್ಲಿ ಅನ್ನ ಬಿಟ್ಟೇಳುತ್ತಾಳೆ. ನಾಳೆ ಶಾಲೆಯಲ್ಲೂ ಅದೇ ಹೆಸರು ಹಿಡಿದು ಕಾಡಿದರೆ ಯಾರಿಗೆ ಹೇಳಿಯಾಳು? ಮನೆಯವರೇ ಇಟ್ಟದ್ದಲ್ಲವೇ!

ಹೇಳದ ಮಕ್ಕಳನ್ನು ನಾವೇ ಗಮನಿಸಬೇಕು. ಶಾಲೆಗೆ ಹೊರಡುವ ಹೊತ್ತಿಗೇ ಹೊಟ್ಟೆನೋವು, ದಿನಕ್ಕೊಂದು ಪೆನ್ಸಿಲ್ ಮಾಯ, ತಿಂಡಿಯ ಡಬ್ಬಿ ಹಾಗೇ ವಾಪಸ್ಸು. ‘ನೀನೂ ಎರಡು ಬಾರಿಸು’ ಅನ್ನಬೇಡಿ, ಅಷ್ಟು ಧೈರ್ಯವಿದ್ದರೆ ಮಗು ಅಳುತ್ತಿರಲಿಲ್ಲ. ಮೊದಲು ಪೂರ್ತಿ ಕೇಳಿ, ಆಮೇಲೆ ಮೇಷ್ಟ್ರನ್ನೋ ಟೀಚರನ್ನೋ ಕಾಣಿ. ಮಕ್ಕಳ ಸಹಾಯವಾಣಿ 1098 ಇದೆ, ದುಡ್ಡು ಬೀಳದು.

ಇನ್ನು ದೊಡ್ಡವರ ಸಂಗತಿ. 2005ರ ಕೌಟುಂಬಿಕ ಹಿಂಸೆ ತಡೆಯುವ ಕಾಯಿದೆ ಹೊಡೆತದ ಜೊತೆಗೆ ಮಾತಿನ ಏಟನ್ನೂ ಹಿಂಸೆಯೆಂದೇ ಎಣಿಸುತ್ತದೆ. ಮಕ್ಕಳಾಗಲಿಲ್ಲ, ಗಂಡುಮಗು ಹೆರಲಿಲ್ಲ ಎಂದು ಹಂಗಿಸುವುದನ್ನು ಅದರಲ್ಲಿ ಬಿಡಿಸಿಯೇ ಬರೆದಿದ್ದಾರೆ. ‘ಸುಮ್ನೆ ತಮಾಷೆಗೆ ಅಂದಿದ್ದಮ್ಮ’ ಅನ್ನುವ ಅತ್ತೆ, ನಾದಿನಿಯರಿಗೆ ಅಷ್ಟು ಭಾಗ ಓದಿ ಹೇಳಬಹುದು.