ಜಾರಿದ್ದು ಕಾಲೋ, ನೆಲವೋ?

ಮನೆಯ ಹಿರಿಯರು ಬಚ್ಚಲಲ್ಲಿ ಬಿದ್ದರೆ ನಾವು ‘ಕಾಲು ಜಾರಿತು’ ಅನ್ನುತ್ತೇವೆ. ನಾಸಿಕದ ಮರಾಠಿ ಮನೆಯಲ್ಲಿ ‘ಪಾಯ್ ಘಸರಲಾ’ ಅನ್ನುತ್ತಾರೆ. ಕನ್ನಡ, ಮರಾಠಿ ಬೇರೆ ಬೇರೆ ಕುಲದ ಭಾಷೆಗಳು. ಆದರೂ ಎರಡು ವಾಕ್ಯದಲ್ಲೂ ಕರ್ತೃವಾಗಿ ಕೂತಿರುವುದು ಕಾಲು. ಒದ್ದೆ ಟೈಲು, ಮಂದ ಬೆಳಕು, ಹಿಡಿಯಲು ಏನೂ ಇಲ್ಲದ ಗೋಡೆ, ಇವು ವಾಕ್ಯದೊಳಗೆ ಬರುವುದೇ ಇಲ್ಲ. ಆಡುಮಾತಿಗೆ ಅದು ಸರಿ. ಮನೆಯನ್ನೂ ಇದೇ ವ್ಯಾಕರಣದಲ್ಲಿ ನೋಡುತ್ತೇವೆ ಎನ್ನುವುದೇ ನನ್ನ ತಕರಾರು. ಬಿದ್ದವರಿಗೆ ಒಂದು ಬುದ್ಧಿಮಾತು, ಒಂದು ಕೋಲು. ನೆಲ ಮಾತ್ರ ಇದ್ದಂತೆಯೇ ಇರುತ್ತದೆ.

ನಾಸಿಕದಲ್ಲೂ ಆಗಿನ ಔರಂಗಾಬಾದ್, ಈಗಿನ ಛತ್ರಪತಿ ಸಂಭಾಜಿನಗರದಲ್ಲೂ 1970ರ ದಶಕದಿಂದ ಸಿಡ್ಕೊ ಸಂಸ್ಥೆ ದೊಡ್ಡ ಬಡಾವಣೆಗಳನ್ನು ಬೆಳೆಸಿತು. 30ರ ಹರೆಯದಲ್ಲಿ ಅಲ್ಲಿ ಮನೆ ಮಾಡಿದವರಿಗೆ ಈಗ 70–80. ಅವರ ಜೊತೆ ಮನೆಯ ಮೆಟ್ಟಿಲು, ಹೊಸ್ತಿಲು, ಬಚ್ಚಲು ಬದಲಾಗಿಲ್ಲ.

ಸರ್ಕಾರದ ದೃಷ್ಟಿಯೂ ಕಾಲಿನ ಮೇಲೆಯೇ. ಮಹಾರಾಷ್ಟ್ರದಲ್ಲಿ 2024ರಲ್ಲಿ ಬಂದ ಮುಖ್ಯಮಂತ್ರಿ ವಯೋಶ್ರೀ ಯೋಜನೆ 65 ದಾಟಿದ, ಕಡಿಮೆ ಆದಾಯದ ಹಿರಿಯರಿಗೆ ಕೋಲು, ವಾಕರ್, ಗಾಲಿಕುರ್ಚಿಯಂಥ ಸಾಧನ ಕೊಳ್ಳಲು ಒಮ್ಮೆ 3,000 ರೂಪಾಯಿ ಕೊಡುತ್ತದೆ. ಒಳ್ಳೆಯ ಯೋಜನೆ. ಆದರೆ ಸುಮಾರು 65 ಸೆಂಟಿಮೀಟರ್ ಅಗಲದ ಗಾಲಿಕುರ್ಚಿ ಎಷ್ಟೋ ಮನೆಗಳ ಬಚ್ಚಲ ಬಾಗಿಲಲ್ಲಿ ತೂರುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಂಸ್ಥೆಗಳು ಕಟ್ಟುವ ಕಟ್ಟಡಗಳಿಗೆ, ಸಾರ್ವಜನಿಕ ಕಟ್ಟಡಗಳಿಗೆ ಸುಗಮತೆಯ ನಿಯಮ ಹೇಳುತ್ತದೆ. ಹಳೆಯ ಮನೆಯ ಬಚ್ಚಲಿನೊಳಗೆ ಅದು ಬರುವುದಿಲ್ಲ. ಆ ಸಹಾಯಧನವನ್ನು ಗೋಡೆಗೆ ಹಿಡಿಕೆ ಕೂರಿಸಲು, ಹೊಸ್ತಿಲು ತಗ್ಗಿಸಲು ಬಳಸುವ ಅವಕಾಶವೂ ಇರಬೇಕು.

ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಬೇಕಾದಷ್ಟಿದೆ. ಕಮೋಡಿನ ಪಕ್ಕ, ಸ್ನಾನದ ಜಾಗದಲ್ಲಿ ಉಕ್ಕಿನ ಹಿಡಿಕೆ ಹಾಕಿಸಿ. ಅದರ ತಿರುಪು ಟೈಲು ದಾಟಿ ಇಟ್ಟಿಗೆಯೊಳಕ್ಕೆ ಹೋಗಿರಬೇಕು. ಟವೆಲ್ ಕಂಬಿ ಮೈಭಾರ ತಡೆಯದು. ಬಚ್ಚಲ ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ತೆರೆಯುವ ಬಾಗಿಲ ಹಿಂದೆ ಬಿದ್ದವರನ್ನು ತಲುಪುವುದೇ ಕಷ್ಟ. ಚಿಲಕ ಹೊರಗಿನಿಂದಲೂ ತೆಗೆಯುವಂತಿರಲಿ. ಮಂಚದಿಂದ ಬಚ್ಚಲವರೆಗೆ ರಾತ್ರಿ ಸಣ್ಣ ದೀಪ ಉರಿಯಲಿ. ಸರಿಯುವ ಕಾಲೊರಸು ಎತ್ತಿಬಿಡಿ. ಇಳಿಜಾರು ಕಟ್ಟಿಸುವುದಾದರೆ 1:12 ಲೆಕ್ಕ ನೆನಪಿರಲಿ: 15 ಸೆಂಟಿಮೀಟರ್ ಎತ್ತರಕ್ಕೆ 180 ಸೆಂಟಿಮೀಟರ್ ಉದ್ದ. ಅದಕ್ಕಿಂತ ಕಡಿದಾದರೆ ಅದೇ ಇನ್ನೊಂದು ಅಪಾಯ.

‘ನಮಗಿನ್ನೂ ಅಷ್ಟು ವಯಸ್ಸಾಗಿಲ್ಲ’ ಎಂದು ಹಿರಿಯರೇ ಅಡ್ಡ ಬರುವುದುಂಟು. ಆ ಮಾತಿನ ಹಿಂದೆ ಮಾನದ ಪ್ರಶ್ನೆಯಿದೆ, ಅದನ್ನು ತಳ್ಳಿಹಾಕಬಾರದು. ಆದರೆ ಯಾರನ್ನೂ ಕೂಗಿ ಕರೆಯದೆ, ತಾನೇ ಬಚ್ಚಲಿಗೆ ಹೋಗಿಬರುವುದಕ್ಕಿಂತ ದೊಡ್ಡ ಮಾನ ಯಾವುದು? ಆ ಹಿಡಿಕೆಯನ್ನು ಬಸುರಿಯೂ ಹಿಡಿಯುತ್ತಾಳೆ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಹುಡುಗನೂ ಹಿಡಿಯುತ್ತಾನೆ.

‘ಹುಷಾರಾಗಿ ನಡೀರಿ’ ಎಂದು ಹೇಳುವ ಮೊದಲು ಆ ಮನೆಯ ಬಚ್ಚಲಿಗೆ ಒಮ್ಮೆ ಹೋಗಿ, ನೆಲ ಒದ್ದೆಯಿರುವಾಗ ನಿಂತು ನೋಡಿ. ಕೈ ಗೋಡೆಯಲ್ಲಿ ಎಲ್ಲಿ ಆಸರೆ ಹುಡುಕುತ್ತದೋ, ಹಿಡಿಕೆ ಬೇಕಾಗಿರುವುದು ಅಲ್ಲೇ.